ನಮೂನೆ 19 ತುಂಬಿಸಿದವರೇ ಗೆಲ್ಲುವ ಚುನಾವಣೆ: ಮುಖ್ಯ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಚುನಾವಣಾಧಿಕಾರಿಗಳು,
ಕರ್ನಾಟಕ, ಬೆಂಗಳೂರು.

ವಿಷಯ: ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಗಳ ಮತದಾರರ ನೋಂದಣಿಯನ್ನು ಅಭ್ಯರ್ಥಿಗಳ ಕೈಯಿಂದ ಬಿಡಿಸುವ ಬಗ್ಗೆ.

ಮಾನ್ಯರೇ,

ಪಾಠ ಮಾಡುವ ಮೇಷ್ಟ್ರೊಬ್ಬರು ಶಿಕ್ಷಕರ ಕ್ಷೇತ್ರದಿಂದ ನಿಲ್ಲುತ್ತೇನೆಂದು ಹೊರಟರೆ ಅವರ ಸೇವೆ ಎಷ್ಟು ವರ್ಷದ್ದು, ಶಿಕ್ಷಕರ ಪರವಾಗಿ ಏನು ಮಾಡಿದ್ದಾರೆ ಎಂದು ಯಾರೂ ಮೊದಲು ಕೇಳುವುದಿಲ್ಲ. "ಸರ್, ಎಷ್ಟು ಅರ್ಜಿ ಮಾಡಿಸಿದ್ದೀರಿ?" ಎಂದೇ ಕೇಳುತ್ತಾರೆ. ಅರ್ಜಿ ಎಂದರೆ ನಮೂನೆ 19, ಶಿಕ್ಷಕರ ಕ್ಷೇತ್ರದ ಮತದಾರರಾಗಲು ಕೊಡಬೇಕಾದ ಅರ್ಜಿ. ಮತದಾರರನ್ನು ಪಟ್ಟಿಗೆ ಸೇರಿಸುವುದು ಚುನಾವಣಾ ಆಯೋಗದ ಕೆಲಸ. ನಮ್ಮ ರಾಜ್ಯದ ಏಳು ಶಿಕ್ಷಕರ ಕ್ಷೇತ್ರಗಳಲ್ಲಿ ಅದು ಅಭ್ಯರ್ಥಿಯ ಕೆಲಸವಾಗಿ ಕೂತು ವರ್ಷಗಳೇ ಆದವು. ಅದನ್ನು ನಿಮ್ಮ ಕಚೇರಿ ವಾಪಸ್ ತೆಗೆದುಕೊಳ್ಳಬೇಕು ಎಂಬುದೊಂದೇ ನಮ್ಮ ಬೇಡಿಕೆ.

ನಿಯಮಗಳನ್ನು ನಿಮಗೆ ನಾವು ಹೇಳಿಕೊಡಬೇಕಿಲ್ಲ. ಸಂವಿಧಾನದ 171ನೇ ವಿಧಿ ಪರಿಷತ್ತಿನ ಹನ್ನೆರಡನೇ ಒಂದು ಭಾಗವನ್ನು ಶಿಕ್ಷಕರಿಗೆ ಬಿಟ್ಟಿದೆ. 75 ಸ್ಥಾನಗಳ ಪೈಕಿ 7 ನಮಗೆ ಬಂದಿರುವುದು ಹಾಗೆ. ಪ್ರೌಢಶಾಲೆಗಿಂತ ಕೆಳಗಲ್ಲದ ಸಂಸ್ಥೆಯಲ್ಲಿ, ಅರ್ಹತಾ ದಿನಾಂಕದ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದವರಿಗೆ ಮತ. ಅರ್ಹತಾ ದಿನಾಂಕ ನವೆಂಬರ್ 1. ಹಳೆಯ ಪಟ್ಟಿ ಮುಂದುವರಿಯುವುದಿಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಬುಡದಿಂದ ಹೊಸದು. ಕಳೆದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಲೇಬೇಕು. ಇಪ್ಪತ್ತೈದು ವರ್ಷ ಒಂದೇ ಶಾಲೆಯಲ್ಲಿ ಇದ್ದವರಿಗೂ ವಿನಾಯಿತಿ ಇಲ್ಲ. ವಿಧಾನಸಭೆಯ ಗುರುತಿನ ಚೀಟಿ ಜೇಬಿನಲ್ಲಿದೆ, ಹೆಸರು ಇದ್ದೇ ಇರುತ್ತದೆ ಎಂದು ನಂಬಿ ಮತಗಟ್ಟೆಗೆ ಬಂದು ಬರಿಗೈಲಿ ಹೋಗುವ ಶಿಕ್ಷಕರು ಪ್ರತಿ ಚುನಾವಣೆಯಲ್ಲೂ ಇದ್ದಾರೆ. ಇದು ಬೇರೆ ಪಟ್ಟಿ ಎಂದು ಅವರಿಗೆ ಹೇಳಿದವರೇ ಇಲ್ಲ.

ಪಟ್ಟಿ ಹೊಸದಾಗಿ ಆಗಬೇಕು ಎಂಬುದಕ್ಕೆ ಕಾರಣವಿದೆ, ಒಪ್ಪುತ್ತೇವೆ. ಆ ಆರು ವರ್ಷದ ಲೆಕ್ಕ ಪ್ರತಿ ಸಲ ಮುಂದಕ್ಕೆ ಸರಿಯುತ್ತದೆ. 2023ರ ಮೇ 31ರಂದು ನಿವೃತ್ತರಾದ ಪ್ರೌಢಶಾಲಾ ಶಿಕ್ಷಕಿಯೊಬ್ಬರನ್ನು ತೆಗೆದುಕೊಳ್ಳಿ. ಅರ್ಹತಾ ದಿನಾಂಕ 2025ರ ನವೆಂಬರ್ 1 ಆದರೆ ಲೆಕ್ಕ 2019ರ ನವೆಂಬರ್‌ನಿಂದ ಶುರು. ಅಲ್ಲಿಂದ ನಿವೃತ್ತಿಯವರೆಗೆ ಮೂರು ವರ್ಷ ಏಳು ತಿಂಗಳು, ಮತ ಉಂಟು. ಅರ್ಹತಾ ದಿನಾಂಕ 2026ರ ನವೆಂಬರ್ 1 ಆದರೆ ಅವರ ಪಾಲಿಗೆ ಉಳಿಯುವುದು ಎರಡು ವರ್ಷ ಏಳು ತಿಂಗಳು, ಮತ ಇಲ್ಲ. ನಿವೃತ್ತಿಯಾದ ದಿನವೇ ಹಕ್ಕು ಹೋಯಿತೆಂದು ಅರ್ಜಿಯನ್ನೇ ಕೊಡದವರು ಎಷ್ಟೋ ಮಂದಿ. ಸೇವೆಗೆ ಸೇರಿ ಎರಡು ವರ್ಷವಾದ ಹೊಸಬರಿಗೂ, ಅದಕ್ಕೆ ಮೊದಲು ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ್ದರೆ, ಮತ ಸಿಗಬಹುದು. ಮೂರು ವರ್ಷ ಒಂದೇ ಕಡೆ ಆಗಬೇಕೆಂದಿಲ್ಲ, ಸತತವಾಗಿಯೂ ಇರಬೇಕಿಲ್ಲ. ಆದರೆ ಎರಡೂ ಸಂಸ್ಥೆಗಳಿಂದ ಸೇವಾ ಪ್ರಮಾಣಪತ್ರ ಬೇಕು. ಹಳೆಯ ಶಾಲೆ ಮುಚ್ಚಿಹೋಗಿದ್ದರೆ ಸಹಿ ಹಾಕುವವರು ಯಾರು? ಇದಕ್ಕೆ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಒಂದು ಲಿಖಿತ ಉತ್ತರ ಇರಬೇಕು. ಅತಿಥಿ ಶಿಕ್ಷಕರು, ಅರೆಕಾಲಿಕ ಉಪನ್ಯಾಸಕರ ವಿಷಯದಲ್ಲೂ ಹಾಗೆಯೇ: ಅರ್ಹರೋ ಅಲ್ಲವೋ, ಒಂದೇ ಸಾಲಿನಲ್ಲಿ, ಇಡೀ ರಾಜ್ಯಕ್ಕೆ ಒಂದೇ ಉತ್ತರ ಬರೆದು ಕೊಡಿ.

ವಾಸದ ಗೊಂದಲ ಬೇರೆ. ಮತ ಮನೆ ಇರುವ ಕ್ಷೇತ್ರದಲ್ಲಿ, ಶಾಲೆ ಇರುವ ಕ್ಷೇತ್ರದಲ್ಲಲ್ಲ. ಚನ್ನಪಟ್ಟಣದಲ್ಲಿ ಮನೆ, ಮದ್ದೂರಿನಲ್ಲಿ ಶಾಲೆ ಇರುವ ಶಿಕ್ಷಕರು ಬೆಂಗಳೂರು ಶಿಕ್ಷಕರ ಕ್ಷೇತ್ರದ ಮತದಾರರು. ಅವರ ಪಕ್ಕದ ಕುರ್ಚಿಯಲ್ಲಿ ಕೂರುವ, ಮದ್ದೂರಿನಲ್ಲೇ ವಾಸವಿರುವ ಸಹೋದ್ಯೋಗಿ ದಕ್ಷಿಣ ಶಿಕ್ಷಕರ ಕ್ಷೇತ್ರದವರು. ಶಾಲೆಯ ಅರ್ಜಿಗಳನ್ನೆಲ್ಲ ಒಂದೇ ಕಟ್ಟು ಕಟ್ಟಿ ಮಂಡ್ಯ ಕಡೆ ಕಳಿಸಿದರೆ ಚನ್ನಪಟ್ಟಣದವರ ಹೆಸರು ಎರಡೂ ಕಡೆ ಬರುವುದಿಲ್ಲ.

ಈಗ ದಿನಾಂಕಗಳನ್ನು ನೋಡಿ. ಅಕ್ಟೋಬರ್ 1ರ ಹೊತ್ತಿಗೆ ಸಾರ್ವಜನಿಕ ಸೂಚನೆ. ಅಕ್ಟೋಬರ್ 15 ಮತ್ತು 25ರ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಮರುಪ್ರಕಟಣೆ. ನವೆಂಬರ್ ಮೊದಲ ವಾರಕ್ಕೆ ಅರ್ಜಿಯ ಗಡುವು ಮುಗಿಯುತ್ತದೆ. ಕರ್ನಾಟಕದಲ್ಲಿ ಅಕ್ಟೋಬರ್ ಎಂದರೆ ದಸರಾ ರಜೆ. 2024ರ ಚುನಾವಣೆಗಾಗಿ 2023ರಲ್ಲಿ ಪಟ್ಟಿ ತಯಾರಾದಾಗ ಶಾಲೆಗಳಿಗೆ ಅಕ್ಟೋಬರ್ 8ರಿಂದ 24ರವರೆಗೆ ರಜೆ ಇತ್ತು, ಅರ್ಜಿಗೆ ಕಡೆಯ ದಿನ ನವೆಂಬರ್ 6. ಸಹಿ ಹಾಕಬೇಕಾದ ಮುಖ್ಯ ಶಿಕ್ಷಕರು ಊರಿನಲ್ಲಿಲ್ಲ, ಮೊಹರು ಬೀರುವಿನಲ್ಲಿದೆ, ಬೀರುವಿನ ಕೀಲಿ ಗುಮಾಸ್ತರ ಹತ್ತಿರ, ಗುಮಾಸ್ತರೂ ರಜೆ. ಶಾಲೆ ತೆರೆದ ಮೇಲೆ ಭಾನುವಾರ, ರಾಜ್ಯೋತ್ಸವ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ ಹತ್ತು ಕೆಲಸದ ದಿನ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಶಿಕ್ಷಕರು ಮೊಬೈಲ್ ಹಿಡಿದು ಬೀದಿ ಬೀದಿ ತಿರುಗುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ದೀಪಾವಳಿ. ಶಿಕ್ಷಕರ ಪಟ್ಟಿ ತಯಾರಿಸಲು ವರ್ಷದಲ್ಲಿ ಶಿಕ್ಷಕರು ಶಾಲೆಯಲ್ಲಿ ಸಿಗದ ತಿಂಗಳನ್ನೇ ಹಿಡಿದಿರುವುದು ನಿಯಮ. ನಿಯಮ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಸೆಪ್ಟೆಂಬರ್‌ನಲ್ಲೇ ಸಿದ್ಧತೆ ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಸಹಿಯ ಮಾತಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ನೋವು ಇರುವುದು ಅಲ್ಲಿ. ನಮೂನೆ 19ರ ಜೊತೆ ಸಂಸ್ಥೆಯ ಮುಖ್ಯಸ್ಥರು ಪ್ರಮಾಣಪತ್ರ ಕೊಡಬೇಕು: ಇಂಥವರು ನಮ್ಮಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಪಾಠ ಮಾಡಿದ್ದಾರೆ ಎಂದು. ಸರ್ಕಾರಿ ಪ್ರೌಢಶಾಲೆಯಲ್ಲಿ ಇದು ಹತ್ತು ನಿಮಿಷದ ಕೆಲಸ, ಸೇವಾ ಪುಸ್ತಕ ಅಲ್ಲೇ ಇರುತ್ತದೆ. ಅನುದಾನರಹಿತ ಖಾಸಗಿ ಶಾಲೆಯ ಕಚೇರಿಯಲ್ಲಿ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಶಿಕ್ಷಕಿ ಅರ್ಜಿ ಹಿಡಿದು ನಿಂತಿರುತ್ತಾರೆ. ಮುಖ್ಯಸ್ಥರು ಓದಿ "ಮ್ಯಾನೇಜ್‌ಮೆಂಟ್‌ಗೆ ಕೇಳಿ ಹೇಳುತ್ತೇನೆ" ಎಂದು ಡ್ರಾಯರ್‌ಗೆ ಹಾಕುತ್ತಾರೆ. ಆಡಳಿತ ಮಂಡಳಿಯ ಹಿಂಜರಿಕೆಗೆ ಕಾರಣ ಆ ಹಾಳೆಯಲ್ಲೇ ಇದೆ. ಅಲ್ಲಿ ನೇಮಕದ ದಿನಾಂಕ ಬರೆಯಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸದಾಗಿ ತೆಗೆದುಕೊಂಡಂತೆ ತೋರಿಸಿದ ಶಿಕ್ಷಕಿಗೆ ಎಂಟು ವರ್ಷದ ಸೇವೆ ಎಂದು ಮೊಹರು ಒತ್ತಿಕೊಟ್ಟರೆ ನಾಳೆ ಭವಿಷ್ಯ ನಿಧಿಯ ಪ್ರಶ್ನೆ ಏಳುತ್ತದೆ, ಗ್ರಾಚ್ಯುಟಿಯ ಪ್ರಶ್ನೆ ಏಳುತ್ತದೆ. ಹಾಗಾಗಿ ಅರ್ಜಿ ಡ್ರಾಯರ್‌ನಲ್ಲೇ ಉಳಿಯುತ್ತದೆ. ಶಿಕ್ಷಕಿ ಎರಡನೇ ಸಲ ಕೇಳುತ್ತಾರೆ, ಮೂರನೇ ಸಲ ಕೇಳುವ ಧೈರ್ಯ ಬರುವುದಿಲ್ಲ, ಏಕೆಂದರೆ ಏಪ್ರಿಲ್ ಮತ್ತೆ ಬರುತ್ತದೆ.

ಅದೇ ಡ್ರಾಯರ್, ಯಾರೋ ಒಬ್ಬ ಅಭ್ಯರ್ಥಿಯ ಕಡೆಯವರು ಆಡಳಿತ ಮಂಡಳಿಯ ಅಧ್ಯಕ್ಷರ ಜೊತೆ ಬಂದ ದಿನ, ತೆರೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಇಡೀ ಶಾಲೆಯ ಅರ್ಜಿಗಳಿಗೆ ಸಹಿ ಬೀಳುತ್ತದೆ. ಫೋಟೊ ತೆಗೆಸುವುದು, ಜೆರಾಕ್ಸ್ ಮಾಡಿಸುವುದು, ತಾಲ್ಲೂಕು ಕಚೇರಿಗೆ ಮುಟ್ಟಿಸುವುದು ಎಲ್ಲ ಅವರದೇ. ಮತ ಕೊಡಿಸಿದವರು ಯಾರೆಂದು ಶಿಕ್ಷಕಿಗೆ ಆ ದಿನವೇ ಮನವರಿಕೆ ಮಾಡಿಕೊಡುತ್ತಾರೆ. ಮಾನ್ಯರೇ, ಆ ಮತವನ್ನು ಕೊಟ್ಟಿದ್ದು ಸಂವಿಧಾನ. ಅದನ್ನು ಇನ್ನೊಬ್ಬರ ಉಪಕಾರವಾಗಿ ಪಡೆಯುವ ಸ್ಥಿತಿಯಲ್ಲಿ ಶಿಕ್ಷಕರನ್ನು ಇಟ್ಟಿರುವುದು ನಮಗೆ ಸಹಿಸಲಾಗದ ಅವಮಾನ.

ಬಿಡಿ ವ್ಯಕ್ತಿಗಳು ಕಟ್ಟುಗಟ್ಟಲೆ ತರುವ ಅರ್ಜಿಗಳನ್ನು ಸ್ವೀಕರಿಸಬಾರದು ಎಂದು ಆಯೋಗವೇ ಹೇಳಿದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು ಎಂಬ ವಿನಾಯಿತಿಯನ್ನೂ ಕೊಟ್ಟಿದೆ. ಆ ವಿನಾಯಿತಿ ಒಳ್ಳೆಯದೇ. ಆದರೆ ಮುಖ್ಯಸ್ಥರು 'ಕಳಿಸಬಹುದು' ಎಂದು ಬಿಟ್ಟಿರುವುದರಿಂದಲೇ ಈ ವ್ಯಾಪಾರ ನಡೆಯುತ್ತಿದೆ. 'ಕಳಿಸಲೇಬೇಕು' ಎಂದು ಮಾಡಿ.

ಇದರ ಇನ್ನೊಂದು ಮುಖ ಸುಳ್ಳು ಪ್ರಮಾಣಪತ್ರ. ಸಹಿ ಹಾಕದ ಅದೇ ಕೈ, ಬೇಕಾದಾಗ ಕಚೇರಿ ಸಹಾಯಕರಿಗೂ ಗ್ರಂಥಾಲಯ ನೋಡಿಕೊಳ್ಳುವವರಿಗೂ ಶಿಕ್ಷಕರೆಂದು ಬರೆದುಕೊಡಬಲ್ಲದು. ಸುಳ್ಳು ಘೋಷಣೆಗೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 31ನೇ ಕಲಂ ಅಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಇವೆ. ಹಿಡಿಯುವುದೂ ಕಷ್ಟವಲ್ಲ. ರಾಜ್ಯದ ಪ್ರತಿ ಶಾಲೆ, ಅನುದಾನರಹಿತವೂ ಸೇರಿ, ತನ್ನ ಶಿಕ್ಷಕರ ವಿವರವನ್ನು ಶಾಲೆಗಳ ಆನ್‌ಲೈನ್ ದತ್ತಾಂಶ ವ್ಯವಸ್ಥೆಯಾದ ಯು-ಡೈಸ್ ಪ್ಲಸ್‌ಗೆ ತುಂಬುತ್ತದೆ: ಹೆಸರು, ವಿದ್ಯಾರ್ಹತೆ, ಸೇರಿದ ದಿನ, ಕಲಿಸುವ ವಿಷಯ. ಸರ್ಕಾರಿ ಶಿಕ್ಷಕರ ಸಂಬಳದ ಲೆಕ್ಕ ಸರ್ಕಾರಿ ನೌಕರರ ವೇತನ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿದೆ. ಅರ್ಜಿಯ ಪಕ್ಕ ಆ ದಾಖಲೆ ಇಟ್ಟು ನೋಡಿದರೆ ಯಾರು ಬಿಟ್ಟುಹೋದರು, ಯಾರು ನುಸುಳಿದರು ಎರಡೂ ಕಾಣುತ್ತವೆ. ಎರಡು ಕಡೆಯ ದಿನಾಂಕ ತಾಳೆಯಾಗದಿದ್ದರೆ ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆಸಿ. ಹತ್ತನೇ ತರಗತಿಗೆ ಗಣಿತ ಹೇಳಿದವರ ಸಹಿ ಅದರಲ್ಲಿ ದಿನವೂ ಇರುತ್ತದೆ.

ಇಷ್ಟೆಲ್ಲ ಏಕೆ ಮುಖ್ಯ ಎಂದರೆ ಈ ಕ್ಷೇತ್ರಗಳು ತೀರಾ ಸಣ್ಣವು. ವಿಧಾನಸಭಾ ಕ್ಷೇತ್ರದಲ್ಲಿ ಮತದಾರರು ಲಕ್ಷಗಳಲ್ಲಿ, ಇಲ್ಲಿ ಹಲವು ಜಿಲ್ಲೆ ಕೂಡಿಸಿದರೂ ಸಾವಿರಗಳಲ್ಲಿ. ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಏಕ ವರ್ಗಾವಣೀಯ ಮತದ ಲೆಕ್ಕದಲ್ಲಿ, ಸಿಂಧುವಾದ ಮತ 18,000 ಬಂದರೆ ಅರ್ಧಕ್ಕಿಂತ ಒಂದು ಹೆಚ್ಚು, ಅಂದರೆ 9,001 ಮುಟ್ಟಿದವರು ಗೆದ್ದರು. ಅಕ್ಟೋಬರ್‌ನಲ್ಲಿ 3,000 ಅರ್ಜಿ ಮಾಡಿಸಿದವರು ಗುರಿಯ ಸುಮಾರು ಮೂರನೇ ಒಂದು ಭಾಗವನ್ನು ನಾಮಪತ್ರಕ್ಕೆ ಮೊದಲೇ ದಾಟಿರುತ್ತಾರೆ. ಅಂತಿಮ ಪಟ್ಟಿ ಪ್ರಕಟವಾದ ಮೇಲೂ ಸೇರ್ಪಡೆಗೆ ಅವಕಾಶ ಇದೆ, ನಾಮಪತ್ರದ ಕಡೆಯ ದಿನಕ್ಕೆ ಆ ಬಾಗಿಲೂ ಮುಚ್ಚುತ್ತದೆ. ಅಲ್ಲಿಯವರೆಗೂ ಓಡಾಡುವವರು ಯಾರು? ಕಾರು, ಆಳು, ಕಚೇರಿ ಇಟ್ಟುಕೊಂಡವರು.

ಖರ್ಚಿಗೆ ಮಿತಿಯೂ ಇಲ್ಲ. ವಿಧಾನಸಭೆಗೆ ನಿಲ್ಲುವವರು 40 ಲಕ್ಷ ರೂಪಾಯಿ ದಾಟುವಂತಿಲ್ಲ, ಲೆಕ್ಕ ಒಪ್ಪಿಸಬೇಕು. 1951ರ ಜನಪ್ರಾತಿನಿಧ್ಯ ಕಾಯ್ದೆಯ 76ನೇ ಕಲಂ ಚುನಾವಣಾ ಖರ್ಚಿನ ಇಡೀ ಅಧ್ಯಾಯವನ್ನು ಲೋಕಸಭೆಗೂ ವಿಧಾನಸಭೆಗೂ ಮಾತ್ರ ಸೀಮಿತ ಮಾಡಿದೆ. ಹೀಗಾಗಿ ಕೆಲವೇ ಸಾವಿರ ಮತದಾರರಿರುವ ಪರಿಷತ್ ಚುನಾವಣೆಯಲ್ಲಿ ಎಷ್ಟು ಬೇಕಾದರೂ ಸುರಿಯಬಹುದು. ಇದು ಸಂಸತ್ತು ತಿದ್ದಬೇಕಾದ ವಿಷಯ, ನಿಮ್ಮನ್ನು ದೂರುವುದಿಲ್ಲ. ಆದರೆ ಹಣಕ್ಕೆ ಕಡಿವಾಣ ಇಲ್ಲದ ಕಡೆ ನೋಂದಣಿಯನ್ನೂ ಹಣವಿದ್ದವರ ಕೈಗೇ ಬಿಟ್ಟರೆ ಪಾಠ ಮಾಡುವವರಿಗೆ ಉಳಿಯುವುದೇನು? ಅದಕ್ಕೇ ಕೇಳುತ್ತಿದ್ದೇವೆ, ನೋಂದಣಿಯನ್ನು ನೀವು ತೆಗೆದುಕೊಳ್ಳಿ.

ಸ್ಪರ್ಧಿಸುವ ಶಿಕ್ಷಕರ ಪಾಡು ಹೇಗಿದೆ ನೋಡಿ. ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲಲು ಶಿಕ್ಷಕರೇ ಆಗಿರಬೇಕೆಂಬ ಕಾನೂನು ಇಲ್ಲ. 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಬೇಕಿಲ್ಲ ಎಂದು ಮದ್ರಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಉದ್ಯಮಿಯೊಬ್ಬರು ತಮ್ಮ ವ್ಯವಹಾರ ಬಿಡದೆ ನಿಲ್ಲಬಹುದು. ಸರ್ಕಾರಿ ಶಿಕ್ಷಕರು ನಿಲ್ಲಬೇಕಾದರೆ ನಾಮಪತ್ರ ಪರಿಶೀಲನೆಯ ದಿನಕ್ಕೆ ಮೊದಲು ಸೇವೆಯಿಂದ ಹೊರಗೆ ಬಂದಿರಬೇಕು. 2024ರಲ್ಲಿ ಚುನಾವಣೆ ಘೋಷಣೆಯಾದದ್ದು ಮೇ 2ರಂದು, ಪರಿಶೀಲನೆ ಮೇ 17ಕ್ಕೆ, ಮತದಾನ ಜೂನ್ 3ಕ್ಕೆ. ನಡುವೆ ಸಿಕ್ಕಿದ್ದು ಎರಡು ವಾರ. ಸ್ವಯಂ ನಿವೃತ್ತಿಗೆ ಮೂರು ತಿಂಗಳ ಸೂಚನೆ ಬೇಕು. ರಾಜೀನಾಮೆ ಕೊಟ್ಟರೆ ಪಿಂಚಣಿಗೆ ಎಣಿಸುವ ಸೇವೆಯೇ ಕೈಬಿಟ್ಟುಹೋಗುವ ಭಯ, ಅದೂ ಅಂಗೀಕಾರವಾಗಿ ಆದೇಶ ಕೈಗೆ ಬಂದಿರಬೇಕು. ಅಂದರೆ ದಿನಾಂಕ ಗೊತ್ತಾಗುವ ಮೊದಲೇ, ಚಳಿಗಾಲದಲ್ಲೇ ನೌಕರಿ ಬಿಟ್ಟು ಹೊರಡಬೇಕು. ಆಮೇಲೆ 10,000 ರೂಪಾಯಿ ಠೇವಣಿ, ಅದೇ ಕ್ಷೇತ್ರದ ಹತ್ತು ಮತದಾರ ಶಿಕ್ಷಕರ ಅನುಮೋದನೆ. ಸರ್ಕಾರಿ ನೌಕರಿಯಲ್ಲಿರುವವರು ಚುನಾವಣಾ ಏಜೆಂಟ್ ಆಗುವಂತಿಲ್ಲ, ಮತಗಟ್ಟೆಯಲ್ಲಿ ಕೂರುವಂತಿಲ್ಲ, ಎಣಿಕೆಗೂ ಬರುವಂತಿಲ್ಲ. ಅಭ್ಯರ್ಥಿಯ ಪರವಾಗಿ ಕೂರಲು ನಿವೃತ್ತ ಮೇಷ್ಟ್ರುಗಳನ್ನು ಹುಡುಕಬೇಕು. ಇಷ್ಟನ್ನೂ ದಾಟಿ ಬಂದವರು ನೋಡುವುದೇನೆಂದರೆ, ತಮ್ಮನ್ನು ಬಲ್ಲ ಶಿಕ್ಷಕರ ಹೆಸರೇ ಪಟ್ಟಿಯಲ್ಲಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದರು, 2022ರಲ್ಲಿ ಎಂಟನೇ ಸಲ. ಅವರ ರಾಜಕೀಯವನ್ನು ಒಪ್ಪಲಿ ಬಿಡಲಿ, ಶಾಲೆಯ ಮೈದಾನದಿಂದ ಸದನಕ್ಕೆ ದಾರಿ ಇತ್ತು ಎಂಬುದಂತೂ ಕಾಣುತ್ತದೆ. ಇಂದು ಅದೇ ಮೈದಾನದಲ್ಲಿ ಸೀಟಿ ಊದುತ್ತಿರುವ ಇನ್ನೊಬ್ಬರಿಗೆ ಆ ದಾರಿ ತೆರೆದಿದೆ ಎಂದು ನೀವು ಧೈರ್ಯವಾಗಿ ಹೇಳಬಲ್ಲಿರಾ?

ನಾವು ಕೇಳುವುದನ್ನು ಬಿಡಿಸಿ ಹೇಳುತ್ತೇವೆ. ಮತದಾರರ ನೋಂದಣಿ ನಿಯಮಗಳ ನಿಯಮ 31ರ ಪ್ರಕಾರ ಅರ್ಜಿ ಇಲ್ಲದೆ ಹೆಸರು ಸೇರದು, ಗೊತ್ತು. ಆದರೆ ಅರ್ಜಿಯನ್ನು ನೀವೇ ಮುದ್ರಿಸಿ ಶಿಕ್ಷಕರ ಕೈಗೆ ಕೊಡಬಾರದೆಂದು ಯಾವ ನಿಯಮ ಹೇಳುತ್ತದೆ? ಆಗಸ್ಟ್‌ನಲ್ಲಿ ಇಲಾಖೆಯಿಂದ ಶಿಕ್ಷಕರ ದತ್ತಾಂಶ ತರಿಸಿಕೊಳ್ಳಿ. ಆರು ವರ್ಷದ ಲೆಕ್ಕ ಹಾಕಿ ಅರ್ಹರ ತಾತ್ಕಾಲಿಕ ಪಟ್ಟಿಯನ್ನು ಶಾಲಾವಾರು ಮಾಡಿ. ಹೆಸರು, ಸಂಸ್ಥೆ, ಸೇವಾ ಅವಧಿ ಮುದ್ರಿತವಾದ ನಮೂನೆ 19 ದಸರಾ ರಜೆಗೆ ಮೊದಲು ಶಾಲೆ ತಲುಪಲಿ. ಶಿಕ್ಷಕರು ವಾಸದ ವಿಳಾಸ ಬರೆದು, ಫೋಟೊ ಅಂಟಿಸಿ, ಸಹಿ ಮಾಡಿ ಇಟ್ಟುಕೊಂಡರೆ ಅಕ್ಟೋಬರ್ 1ರ ಸೂಚನೆ ಬಿದ್ದ ಮಾರನೇ ದಿನವೇ ಕೊಡಬಹುದು. ಮುಖ್ಯಸ್ಥರು ಮೂರು ಕೆಲಸದ ದಿನದೊಳಗೆ ಪ್ರಮಾಣಪತ್ರ ಕೊಡಬೇಕು, ಕೊಡದಿದ್ದರೆ ಕಾರಣ ಬರೆದುಕೊಡಬೇಕು. ಕಾರಣ ಸರಿಯಿಲ್ಲದಿದ್ದರೆ ಪ್ರೌಢಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಪದವಿಪೂರ್ವ ಕಾಲೇಜಿಗೆ ಆ ಇಲಾಖೆಯ ಉಪನಿರ್ದೇಶಕರು ದಾಖಲೆ ನೋಡಿ ವರದಿ ಕೊಡಲಿ. ಯಾವ ಸಂಸ್ಥೆಯಿಂದ ಎಷ್ಟು ಶಿಕ್ಷಕರು, ಎಷ್ಟು ಅರ್ಜಿ, ಎಷ್ಟು ತಿರಸ್ಕೃತ ಎಂಬ ಪಟ್ಟಿಯನ್ನು ಕರಡು ಮತದಾರರ ಪಟ್ಟಿಯ ಜೊತೆ ತಾಲ್ಲೂಕು ಕಚೇರಿಯ ಸೂಚನಾ ಫಲಕಕ್ಕೆ ಹಾಕಿ. ಹದಿನೆಂಟು ಶಿಕ್ಷಕರ ಶಾಲೆಯಿಂದ ಮೂರೇ ಅರ್ಜಿ ಬಂದಿದ್ದರೆ, ಇಲ್ಲವೇ ಮೂವತ್ತು ಬಂದಿದ್ದರೆ, ಓದಿದವರಿಗೆ ಆಗಲೇ ತಿಳಿಯುತ್ತದೆ.

ಮನೆ ಮನೆಗೆ ಹೋಗಿ ನಮೂನೆ 6 ತುಂಬಿಸಿ, ಹದಿನೆಂಟು ತುಂಬಿದ ಹುಡುಗ ಹುಡುಗಿಯರನ್ನು ಪಟ್ಟಿಗೆ ಸೇರಿಸುವ ಮತಗಟ್ಟೆ ಮಟ್ಟದ ಅಧಿಕಾರಿಗಳಲ್ಲಿ ಶಿಕ್ಷಕರೂ ಇದ್ದಾರೆ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗು ಎಂದರೆ ಹೋಗುತ್ತಾರೆ. ತೀರಿಹೋದವರ ಹೆಸರು ತೆಗೆಸಲು ಮರಣ ಪ್ರಮಾಣಪತ್ರ ಕೇಳಿ ಬೈಸಿಕೊಳ್ಳುತ್ತಾರೆ. ಊರಿನವರೆಲ್ಲರ ಮತ ಕಾದವರ ಮತಕ್ಕಾಗಿ ನಿಮ್ಮ ಕಚೇರಿಯಿಂದ ಒಬ್ಬರೂ ಶಾಲೆಯ ಬಾಗಿಲಿಗೆ ಬಂದಿಲ್ಲ. ಬರಬೇಕು. ಒಂದು ಸಲ, ಸೆಪ್ಟೆಂಬರ್‌ನಲ್ಲಿ, ಮುದ್ರಿಸಿದ ಅರ್ಜಿಯ ಕಟ್ಟು ಹಿಡಿದು ಬರಬೇಕು.

ಬರುವಾಗ ಒಂದು ಮಾದರಿ ಮತಪತ್ರವನ್ನೂ ತನ್ನಿ. ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು, 1 ಎಂಬ ಅಂಕಿ ಒಬ್ಬರ ಮುಂದೆ ಮಾತ್ರ ಇರಬೇಕು, ಟಿಕ್ ಹಾಕಿದರೆ, 'ಒಂದು' ಎಂದು ಅಕ್ಷರದಲ್ಲಿ ಬರೆದರೆ, ಸಹಿ ಮಾಡಿದರೆ ಮತ ಅಸಿಂಧು ಎಂದು ತೋರಿಸಿ ಹೋಗಿ. ದಿನವಿಡೀ ಉತ್ತರ ಪತ್ರಿಕೆಗೆ ಟಿಕ್ ಹಾಕಿ ಹಾಕಿ ರೂಢಿಯಾದ ಕೈ ಅದು.

ಹಿಂದಿನ ಮನವಿಗಳಿಗೆಲ್ಲ 'ಪರಿಶೀಲಿಸಲಾಗುವುದು' ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ. ಪ್ರಾದೇಶಿಕ ಆಯುಕ್ತರಿಗೂ ಶಾಲಾ ಶಿಕ್ಷಣ ಇಲಾಖೆಗೂ ನಿಮ್ಮ ಸುತ್ತೋಲೆ ಹೋಗಲಿ, ಅದರ ಸಂಖ್ಯೆ ಮತ್ತು ದಿನಾಂಕವನ್ನು ನಮಗೆ ತಿಳಿಸಿ. ಮುಂದಿನ ಅಕ್ಟೋಬರ್ 1ಕ್ಕೆ ಆ ಸುತ್ತೋಲೆಯ ನಕಲು ಪ್ರತಿಯೊಂದು ಪ್ರೌಢಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಅಂಟಿಸಿರಬೇಕು.

ಇತಿ,
ಶಿಕ್ಷಕರ ಕ್ಷೇತ್ರದ ಮತದಾರರು